ಪಿಳ್ಳಮ್ಮನ ನೆಟಿಕೆ

ಸರ್ವಜ್ಞನಗರದಲ್ಲಿ ಚರ್ಚಿನ ಹಿಂದಿನ ರಸ್ತೆ ಮುಗಿಯುವ ಕಡೆ ಒಂದು ಮಕ್ಕಳ ಪಾರ್ಕು ಇದೆ. ಎರಡು ಉಯ್ಯಾಲೆ, ಒಂದು ಜಾರುಬಂಡೆ, ಒಂದು ಸೀಸಾ, ಮೂಲೆಯಲ್ಲಿ ಮರಳಿನ ಗುಂಡಿ, ಇಷ್ಟೇ. ಬೆಳಿಗ್ಗೆ ಹತ್ತಕ್ಕೆ ಬೀಗ ಬೀಳುತ್ತದೆ, ಸಂಜೆ ನಾಲ್ಕಕ್ಕೆ ತೆರೆಯುತ್ತದೆ. ಬೀಗದ ಕೈ ಹನ್ನೆರಡು ವರ್ಷದಿಂದ ಪಿಳ್ಳಮ್ಮನ ಸೊಂಟದಲ್ಲಿದೆ.

ಪಿಳ್ಳಮ್ಮ ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಿಂದ ನಡೆದು ಬಂದು ಪಾರ್ಕು ಗುಡಿಸುವವಳು. ಆದರೆ ಅಲ್ಲಿನ ತಾಯಂದಿರು ಅವಳನ್ನು ಗುರುತಿಸುತ್ತಿದ್ದದ್ದು ಪೊರಕೆಯಿಂದಲ್ಲ, ನೆಟಿಕೆಯಿಂದ. ಸಂಜೆ ಗೇಟು ತೆರೆದು ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಳೆಂದರೆ ಒಳಗೆ ಹೋಗುವ ಮಕ್ಕಳೆಲ್ಲ ಸಾಲಾಗಿ ಮುಖ ಒಡ್ಡುತ್ತಿದ್ದವು. ಅವಳು ಎರಡೂ ಅಂಗೈಯಲ್ಲಿ ಕೆನ್ನೆ ಸವರಿ, ಕೈಗಳನ್ನು ತನ್ನ ಕಣತಲೆಗೆ ಒತ್ತಿಕೊಂಡು ಪಟಪಟನೆ ಹತ್ತು ಬೆರಳಿನ ನೆಟಿಕೆ ಮುರಿಯುತ್ತಿದ್ದಳು.

"ನನ್ನ ಬಂಗಾರಕ್ಕೆ ಯಾರ ಕಣ್ಣೂ ತಾಗ್ದೇ ಇರ್ಲಿ. ಹೋಗು, ಆಡ್ಕೋ."

ಎದುರಿನ ಫ್ಲ್ಯಾಟಿನ ಅಂಜನಮೂರ್ತಿ ನಿವೃತ್ತರಾದ ಮೇಲೆ ದಿನಾ ಸಂಜೆ ಅಲ್ಲೇ ಪೇಪರು ಹಿಡಿದು ಕೂರುತ್ತಿದ್ದರು. "ಪಿಳ್ಳಮ್ಮಾ, ನಂಗೂ ಒಂದ್ಸಲ ನೆಟಿಕೆ ಮುರೀರಿ, ಬೀಪಿ ಇಳಿಯುತ್ತಾ ನೋಡೋಣ" ಎನ್ನುತ್ತಿದ್ದರು.

"ನಿಮಗ್ಯಾರು ದೃಷ್ಟಿ ಹಾಕ್ತಾರೆ ಸ್ವಾಮಿ? ನಿಮ್ಮನೆಯವರೇ ತಿರುಗಿ ನೋಡಲ್ಲ."

ಬೆಂಚಿನ ಸುತ್ತ ನಗು ಏಳುತ್ತಿತ್ತು. ಆದರೆ ಆ ಕೆನ್ನೆ ಸವರುವುದರೊಳಗೆ ಇನ್ನೊಂದು ಕೆಲಸ ನಡೆಯುತ್ತಿದ್ದದ್ದು ಅಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ಪಿಳ್ಳಮ್ಮ, ಇನ್ನೊಬ್ಬಳು ಶರ್ಫುನ್ನೀಸಾ.

ಶರ್ಫುನ್ನೀಸಾ ತನ್ನ ಮೊಮ್ಮಗ ಉಮೈರನನ್ನು ಕರೆದುಕೊಂಡು ಬರುತ್ತಿದ್ದಳು. ಹುಡುಗನಿಗೆ ಐದು ವರ್ಷ. ಮೂತ್ರಪಿಂಡದ ಕಾಯಿಲೆ, ಮುಖ, ಕಾಲು ನೀರು ತುಂಬಿ ಊದಿಕೊಳ್ಳುತ್ತಿದ್ದವು. ಅದಕ್ಕೆ ಕೊಡುವ ಮಾತ್ರೆ ಊತವನ್ನು ಇಳಿಸುತ್ತಿತ್ತು, ಜೊತೆಗೆ ರೋಗ ತಡೆಯುವ ಶಕ್ತಿಯನ್ನೂ ಇಳಿಸುತ್ತಿತ್ತು. ಹುಡುಗ ಆಡಲಿ, ಆದರೆ ಜ್ವರ ಬಂದ ಮಕ್ಕಳ ಹತ್ತಿರ ಬಿಡಬೇಡಿ, ಬೇರೆ ಮಕ್ಕಳಿಗೆ ವಾರದಲ್ಲಿ ಹೋಗುವ ಕಾಯಿಲೆ ಇವನನ್ನು ಮಲಗಿಸಿಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದನ್ನು ಕೇಳಿಕೊಂಡು ಬಂದ ದಿನ ಶರ್ಫುನ್ನೀಸಾ ಬೆಂಚಿನ ತುದಿಯಲ್ಲಿ ಕೂತು ಕಣ್ಣೊರೆಸಿಕೊಂಡಿದ್ದಳು.

"ನಿಮ್ಮ ಮಗೂಗೆ ಬೀಮಾರಿ ಏನಾದ್ರೂ ಇದೆಯಾ ಅಂತ ಒಬ್ಬೊಬ್ಬರನ್ನೂ ಹೆಂಗೆ ಕೇಳ್ಲಿ ಪಿಳ್ಳಮ್ಮಾ? ಬುರ್ಖಾ ಹಾಕ್ಕೊಂಡು ಬಂದು ನಮ್ಮ ಮಕ್ಕಳನ್ನ ಚೆಕ್ ಮಾಡ್ತಾಳೆ ಅಂತಾರೆ. ಮನೇಲೇ ಕೂಡಿ ಹಾಕಿದ್ರೆ ಇವನು ಕಿಟಕೀಲಿ ನಿಂತು ಅಳ್ತಾನೆ."

"ನೀವು ಕೇಳ್ಬೇಡಿ, ನಾನು ನೋಡ್ಕೋತೀನಿ" ಎಂದಿದ್ದಳು ಪಿಳ್ಳಮ್ಮ.

ಕೇಳುವುದು ಅವಳಿಗೂ ಆಗದ ಕೆಲಸವೇ. ಮೂವತ್ತು ವರ್ಷದ ಹಿಂದೆ ಅವಳ ಮಗಳು ಭಾಗ್ಯಲಕ್ಷ್ಮಿಗೆ ಕೆಮ್ಮು ಹತ್ತಿದ್ದಾಗ, ಬೀದಿ ನಲ್ಲಿಯ ಹತ್ತಿರ ಒಬ್ಬ ಹೆಂಗಸು ಎಲ್ಲರೆದುರು, "ರೋಗದ ಕೂಸನ್ನ ಎತ್ಕೊಂಡು ಬಂದು ನಿಂತವ್ಳೆ, ಆಚೆ ಹೋಗೇ" ಎಂದು ಕೂಗಿದ್ದಳು. ಪಿಳ್ಳಮ್ಮ ತುಂಬದ ಕೊಡ ಹಿಡಿದು ಮನೆಗೆ ಬಂದಿದ್ದಳು. ತಿಂಗಳುಗಟ್ಟಲೆ ಆ ನಲ್ಲಿಗೆ ಹೋಗಿರಲಿಲ್ಲ. ಮಗಳು ಈಗ ಕೆ.ಆರ್. ಪುರದಲ್ಲಿ ಎರಡು ಮಕ್ಕಳ ತಾಯಿ. ಆದರೂ ಆ ಮಾತು ಪಿಳ್ಳಮ್ಮನ ಕಿವಿಯಲ್ಲಿ ಹಾಗೇ ಇತ್ತು. ಇನ್ನೊಬ್ಬ ತಾಯಿಗೆ ಅಂಥ ಮಾತು ತನ್ನ ಬಾಯಿಂದ ಬರಬಾರದು ಎಂದುಕೊಂಡಿದ್ದಳು. ಅದೂ ಅಲ್ಲದೆ ಕೊರೊನಾ ಕಾಲ ಕಳೆದ ಮೇಲೆ, ಕೆಮ್ಮಿದವರನ್ನು ಯಾಕೆ ಕೆಮ್ಮಿದಿರಿ ಎಂದು ಕೇಳುವುದೇ ಒಂದು ಬೈಗುಳವಾಗಿಬಿಟ್ಟಿತ್ತು.

ಹಾಗಾಗಿ ಅವಳು ನೆಟಿಕೆಯ ದಾರಿ ಹಿಡಿದಳು. ಪೊರಕೆ ಹಿಡಿದು ಒರಟಾದರೂ ಅವಳ ಅಂಗೈ ಸುಳ್ಳು ಹೇಳುತ್ತಿರಲಿಲ್ಲ. ಕೆನ್ನೆ ಬಿಸಿ ಕಂಡರೆ ತಾಯಿಯನ್ನು ಹತ್ತಿರ ಕರೆದು, "ಮಗೂಗೆ ದೃಷ್ಟಿ ಬಲವಾಗಿ ತಾಗಿದೆ ಕಣಮ್ಮ. ಆಟ ಬೇಡ ಇವತ್ತು. ಮನೆಗೆ ಕರ್ಕೊಂಡು ಹೋಗಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಮಲಗ್ಸು" ಎನ್ನುತ್ತಿದ್ದಳು. ತಾಯಿ ಬೇಸರಪಡುವುದಿರಲಿ, ಹೆಮ್ಮೆಯಿಂದಲೇ ಹೋಗುತ್ತಿದ್ದಳು. ದೃಷ್ಟಿ ತಾಗುವುದು ಚೆಂದದ ಮಗುವಿಗೆ ತಾನೇ? ದೂರದ ಮರಳಿನ ಗುಂಡಿಯ ಹತ್ತಿರ ಕೂತ ಶರ್ಫುನ್ನೀಸಾ ಪಿಳ್ಳಮ್ಮನ ಕಡೆ ನೋಡಿ ತಲೆ ತಗ್ಗಿಸುತ್ತಿದ್ದಳು.

ಒಂದೂವರೆ ವರ್ಷ ಹೀಗೇ ನಡೆಯಿತು. ಯಾರೊಬ್ಬರೂ ನೊಂದುಕೊಳ್ಳಲಿಲ್ಲ. ಪಿಳ್ಳಮ್ಮನಿಗೆ ಒಳಗೊಳಗೇ ತನ್ನ ಜಾಣತನದ ಮೇಲೆ ಪ್ರೀತಿ ಬಂದಿತ್ತು.

ಈ ವರ್ಷ ಶಿವರಾತ್ರಿ ಕಳೆದ ವಾರದಲ್ಲಿ ಒಂದು ಸಂಜೆ ರಮ್ಯಶ್ರೀ ಮಗಳನ್ನು ಕರೆದುಕೊಂಡು ಬಂದಳು. ಅಂಜನಮೂರ್ತಿಯವರ ಕಟ್ಟಡದಲ್ಲೇ ಮೂರನೇ ಮಹಡಿಯವಳು. ಮನೆಯಿಂದಲೇ ಆಫೀಸಿನ ಕೆಲಸ. ಮಗಳನ್ನು ಎಲ್ಲರೂ ಪುಟ್ಟಿ ಎನ್ನುತ್ತಿದ್ದರು. ಪುಟ್ಟಿ ಮುಖ ಒಡ್ಡಿದಳು. ಕೆನ್ನೆ ಕಾದ ಹಂಚಿನ ಹಾಗಿತ್ತು.

ಪಿಳ್ಳಮ್ಮ ಎಂದಿನ ಮಾತು ಹೇಳಿದಳು.

"ಅಯ್ಯೋ, ಹೌದಾ?" ಎಂದು ರಮ್ಯಶ್ರೀ ಎದೆ ಮುಟ್ಟಿಕೊಂಡಳು. "ನಿನ್ನೆ ಬರ್ತ್‌ಡೇ ಇತ್ತು ಪಿಳ್ಳಮ್ಮ. ಗೌನ್ ಹಾಕಿದ್ಲು. ಬಂದೋರ ಕಣ್ಣೆಲ್ಲಾ ಇವಳ ಮೇಲೇ. ಈಗ್ಲೇ ಹೋಗಿ ತೆಗೀತೀನಿ."

ಅವರು ಹೋದರು. ಅಷ್ಟು ಹೊತ್ತಿಗೆ ಶರ್ಫುನ್ನೀಸಾ ಉಮೈರನ ಕೈ ಹಿಡಿದು ಬಂದಳು. ಹದಿನೈದು ದಿನದ ಮೇಲೆ ಹುಡುಗ ಹೊರಗೆ ಕಾಲಿಟ್ಟಿದ್ದ. ಊತ ಇಳಿದು ಮುಖ ಮೊದಲಿನಂತೆ ಸಣ್ಣಗಾಗಿತ್ತು. ನೆಟಿಕೆ ಮುರಿಸಿಕೊಂಡವನೇ ಸೀಸಾದ ಕಡೆ ಓಡಿದ. ಅವನ ಎದುರು ಕೂರುವ ಮಕ್ಕಳು ಕಡಿಮೆ. ಸಾಮಾನ್ಯವಾಗಿ ಪಿಳ್ಳಮ್ಮನೇ ಇನ್ನೊಂದು ತುದಿಯನ್ನು ಕೈಯಲ್ಲಿ ಅದುಮಿ ಏರಿಸಿ ಇಳಿಸುತ್ತಿದ್ದಳು.

ಮುಕ್ಕಾಲು ಗಂಟೆ ಆಗಿರಬೇಕು. ರಮ್ಯಶ್ರೀ ಮಗಳೊಡನೆ ನಗುತ್ತಾ ಮತ್ತೆ ಗೇಟಿಗೆ ಬಂದಳು.

"ತೆಗೆದೆ ಪಿಳ್ಳಮ್ಮ! ಮೆಣಸಿನಕಾಯಿ ಸುಟ್ರೆ ಒಂದು ಚೂರೂ ಘಾಟು ಬರ್ಲಿಲ್ಲ, ಗೊತ್ತಾ? ಅಷ್ಟು ದೃಷ್ಟಿ ಇತ್ತು. ಈಗ ನೋಡಿ, ಹೆಂಗೆ ತಣ್ಣಗಾಗಿದಾಳೆ."

ಪಿಳ್ಳಮ್ಮ ಕೆನ್ನೆ ಮುಟ್ಟಿದಳು. ತಣ್ಣಗೇ ಇತ್ತು, ಬೆವರಿನಿಂದ ಒದ್ದೆಯಾಗಿತ್ತು. ಪುಟ್ಟಿ ಬಾಯಿ ತೆರೆದು ನಕ್ಕಾಗ ಜ್ವರದ ಸಿರಪ್ಪಿನ ಸಿಹಿ ವಾಸನೆ ಬಂತು. ಮಕ್ಕಳ ನಡುವೆ ಇಷ್ಟು ವರ್ಷ ಕೂತವಳಿಗೆ ಆ ವಾಸನೆ ತಿಳಿಯದೆ ಇರುತ್ತದೆಯೇ? ಜ್ವರ ಹೋಗಿಲ್ಲ, ಔಷಧಿಯ ಕೆಳಗೆ ಅಡಗಿದೆ ಎಂದು ಅವಳಿಗೆ ಗೊತ್ತಾಯಿತು.

ಗೊತ್ತಾಗಿ, ಹೇಳುವುದೇನು? ದೃಷ್ಟಿ ಎಂದವಳು ತಾನೇ, ನಿವಾಳಿಸು ಎಂದವಳೂ ತಾನೇ. ಹೇಳಿದಂತೆ ಮಾಡಿ ಬಂದವಳನ್ನು ಈಗ ಯಾವ ಬಾಯಲ್ಲಿ ಹಿಂದಕ್ಕೆ ಕಳಿಸುವುದು? ಜ್ವರ ಎಂದರೆ ತಾನು ಇಲ್ಲಿಯವರೆಗೂ ಎಲ್ಲರಿಗೂ ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡಂತೆ. ಅವಳ ಕೈಗಳು ಅಭ್ಯಾಸದಿಂದ ಕಣತಲೆಗೆ ಹೋದವು. ನೆಟಿಕೆ ಪಟಪಟ ಎಂದಿತು.

"ಉಯ್ಯಾಲೆ ಹತ್ರಾನೇ ಆಡ್ಕೋ ಕಂದ" ಎಂದಳು.

ಮಗು ಎಂದಾದರೂ ಒಂದೇ ಕಡೆ ಆಡಿದ್ದುಂಟೇ? ಪುಟ್ಟಿ ನೇರ ಹೋಗಿ ಸೀಸಾದ ಇನ್ನೊಂದು ತುದಿಗೆ ಹತ್ತಿಕೊಂಡಳು. ಉಮೈರ್ ಮೇಲಕ್ಕೇರಿದ. "ದಾದೀ, ದೇಖೋ! ಪಿಳ್ಳಮ್ಮಜ್ಜೀ, ನೋಡು, ನೋಡು!" ಎಂದು ಕೂಗಿದ. ಆ ಹುಡುಗ ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ಪಿಳ್ಳಮ್ಮ ಕೇಳಿಯೇ ಇರಲಿಲ್ಲ. ಶರ್ಫುನ್ನೀಸಾ ದೂರದಿಂದ ಅವಳ ಕಡೆ ನೋಡಿದಳು, ಎಲ್ಲಾ ಸರಿಯಿದೆ ತಾನೇ ಎಂಬಂತೆ. ಪಿಳ್ಳಮ್ಮ ತಲೆಯಾಡಿಸಿದಳು.

ಮೂರನೆಯ ದಿನ ಅಂಜನಮೂರ್ತಿ ಪೇಪರು ಮಡಚುತ್ತಾ ದನಿ ತಗ್ಗಿಸಿ ಹೇಳಿದರು: "ನಮ್ಮ ಮೂರನೇ ಫ್ಲೋರಲ್ಲಿ ಬಾಗಿಲಿಗೆ ಬೇವಿನಸೊಪ್ಪು ಕಟ್ಟಿದಾರೆ. ರಮ್ಯಶ್ರೀ ಮಗೂಗೆ ಅಮ್ಮ ಬಂದಿದೆ. ಮೈತುಂಬಾ ಗುಳ್ಳೆಯಂತೆ."

ಪಿಳ್ಳಮ್ಮ ಎರಡೂ ಕೈ ಕೆನ್ನೆಗೆ ಬಡಿದುಕೊಂಡಳು. ಆ ಸಂಜೆಯೂ ಶರ್ಫುನ್ನೀಸಾ ಬಂದಳು. "ಮಾತ್ರೆ ಕಮ್ಮಿ ಮಾಡ್ತೀನಿ ಅಂದಿದಾರೆ ಡಾಕ್ಟರು. ಜೂನಲ್ಲಿ ಸ್ಕೂಲಿಗೆ ಹಾಕ್ಬಹುದಂತೆ" ಎಂದು ಬೇಕರಿಯ ಬನ್ನು ಮುರಿದು ಅರ್ಧ ಕೊಟ್ಟಳು. ಪಿಳ್ಳಮ್ಮ ಬನ್ನನ್ನು ಕೈಯಲ್ಲೇ ಹಿಡಿದು ಕೂತಳು. ಹೇಳಬೇಕೆಂದು ಬಾಯಿ ತೆರೆದಳು. ತಾಯಿಯ ಹೆಸರೆತ್ತಿ ಆಡಿಕೊಳ್ಳಬಾರದು ಎಂದು ಒಂದು ಮನಸ್ಸು, ಏನೂ ಆಗದಿದ್ದರೆ ಸುಮ್ಮನೆ ಹೆದರಿಸಿದಂತಾಗುತ್ತದೆ ಎಂದು ಇನ್ನೊಂದು ಮನಸ್ಸು. ಮಾರನೆಯ ದಿನ ಹಲಸೂರಿನ ಮಾರಮ್ಮನಿಗೆ ಮೊಸರನ್ನದ ಎಡೆ ಇಟ್ಟು ಬಂದಳು. ಹೇಳಬೇಕಾದವರಿಗೆ ಹೇಳದೆ ದೇವರಿಗೆ ಹೇಳಿ ಬಂದಳು.

ಎರಡು ವಾರವಾಗುತ್ತಿದ್ದಂತೆ ಸೀಸಾ ಖಾಲಿಯಾಯಿತು. ಉಮೈರ್ ಶಿವಾಜಿನಗರದ ಕಡೆ ಒಂದು ಆಸ್ಪತ್ರೆಯಲ್ಲಿದ್ದಾನೆ ಎಂದು ತಿಳಿದಾಗ ಪಿಳ್ಳಮ್ಮ ಗುಡಿಸುವಾಗ ತೊಡುವ ಹಸಿರು ಕೋಟು ಬಿಚ್ಚದೆಯೇ ಬಸ್ಸು ಹತ್ತಿದಳು.

ಶರ್ಫುನ್ನೀಸಾ ವಾರ್ಡಿನ ಹೊರಗೆ ಬೆಂಚಿನ ಮೇಲಿದ್ದಳು. ಪಕ್ಕದಲ್ಲಿ ಜಾಗ ಮಾಡಿಕೊಟ್ಟು ಪಿಳ್ಳಮ್ಮನ ಕೈ ಹಿಡಿದುಕೊಂಡಳು.

"ಗುಳ್ಳೆ ಬಾಯೊಳಗೂ ಇದೆ. ಉಸಿರು ಎಳೀತಾನೆ. ಯಾರ ಜೊತೆ ಆಡಿದ್ದ ಅಂತ ಡಾಕ್ಟರ್ ಕೇಳಿದ್ರು. ನಾನು ಹೇಳ್ದೆ, ಪಾರ್ಕಲ್ಲಂತೂ ಅಲ್ಲ ಸಾಬ್, ಅಲ್ಲಿ ನಮ್ಮ ಪಿಳ್ಳಮ್ಮ ಇದಾರೆ, ಬೀಮಾರ್ ಮಗೂನ ಒಳಗೆ ಬಿಡೋದೇ ಇಲ್ಲ. ಬೇರೆ ಎಲ್ಲೋ ಹತ್ತಿರಬೇಕು."

ಪಿಳ್ಳಮ್ಮ ಬೆಂಚಿನಲ್ಲೇ ಅವಳ ಕಡೆ ತಿರುಗಿದಳು.

"ಅಲ್ಲ ಶರ್ಫು. ನಾನೇ ಬಿಟ್ಟೆ."

ಅವಳು ಎಲ್ಲವನ್ನೂ ಹೇಳಿದಳು. ಸಿರಪ್ಪಿನ ವಾಸನೆ, ತಲೆಯಾಡಿಸಿದ್ದು, ಬೇವಿನಸೊಪ್ಪು, ಬನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತದ್ದು, ಯಾವುದನ್ನೂ ಬಿಡಲಿಲ್ಲ. ಶರ್ಫುನ್ನೀಸಾ ಕೈ ಕೊಸರಲಿಲ್ಲ, ಬೈಯಲಿಲ್ಲ. ಗೋಡೆಯ ಕಡೆ ನೋಡುತ್ತಲೇ ಹೇಳಿದಳು:

"ಆಡಿದ ಮೂರ್ನಾಲ್ಕು ದಿನದೊಳಗೆ ಗೊತ್ತಾಗಿದ್ರೆ ಅದಕ್ಕೊಂದು ಇಂಜೆಕ್ಷನ್ ಇತ್ತಂತೆ. ಇಷ್ಟು ಜೋರಾಗ್ತಿರಲಿಲ್ಲ ಅಂದ್ರು." ಮತ್ತೆ ಪಿಳ್ಳಮ್ಮನ ಕಡೆ ತಿರುಗಿ, "ಒಂದು ಮಾತು ಪಿಳ್ಳಮ್ಮ. ಜ್ವರ ಅನ್ನೋ ಒಂದೇ ಮಾತು. ನಾನೇ ಅವನನ್ನ ಎತ್ಕೊಂಡು ಮನೆಗೆ ಹೋಗ್ತಿದ್ದೆ. ನೀವು ಅವಳನ್ನ ಕಳಿಸೋದೂ ಬೇಕಿರಲಿಲ್ಲ."

ಇದು ಪಿಳ್ಳಮ್ಮನಿಗೆ ಹೊಳೆದೇ ಇರಲಿಲ್ಲ. ಹೌದಲ್ಲ, ಆ ತಾಯಿಗೆ ಹೇಳಲು ನಾಚಿಕೆಯಾದರೆ ಈ ಅಜ್ಜಿಗಾದರೂ ಹೇಳಬಹುದಿತ್ತು.

ಉಮೈರ್ ಇಪ್ಪತ್ತೆರಡು ದಿನ ಮಲಗಿ ಉಳಿದುಕೊಂಡ. ಆದರೆ ಊತ ಮತ್ತೆ ಬಂತು, ಮಾತ್ರೆ ಮತ್ತೆ ಏರಿತು. ಜೂನ್ ಬಂದು ಹೋಯಿತು, ಸ್ಕೂಲಿನ ಮಾತು ಮುಂದಿನ ವರ್ಷಕ್ಕೆ ಹೋಯಿತು.

ಪಿಳ್ಳಮ್ಮ ನೆಟಿಕೆ ಮುರಿಯುವುದನ್ನು ನಿಲ್ಲಿಸಿದಳು. ಹಣೆ ಮುಟ್ಟಿ ನೇರವಾಗಿ ಹೇಳತೊಡಗಿದಳು: "ಮೈ ಬಿಸಿ ಇದೆ. ಇವತ್ತು ಒಳಗೆ ಬೇಡಮ್ಮ." "ನೀವೇನು ಡಾಕ್ಟ್ರಾ?" ಎಂದವರು ಉಂಟು. ಕಂಟ್ರಾಕ್ಟರಿಗೆ ದೂರು ಕೊಟ್ಟವರೂ ಉಂಟು. ಅವನು ಬಂದು, "ಕಸ ಗುಡಿಸೋಕೆ ಇಟ್ಟಿದೀವಿ ನಿನ್ನ, ಜ್ವರ ನೋಡೋಕಲ್ಲ" ಎಂದು ಗದರಿ ಹೋದ. ಒಬ್ಬಿಬ್ಬರು ಮಾತ್ರ ಗೇಟಿನವರೆಗೆ ಬಂದು, "ನಿನ್ನೆಯಿಂದ ಮೂಗು ಸೋರ್ತಿದೆ ಪಿಳ್ಳಮ್ಮ, ಇಲ್ಲೇ ರಸ್ತೇಲಿ ಸುತ್ತಾಡಿಸ್ಕೊಂಡು ಹೋಗ್ತೀವಿ" ಎನ್ನುವುದನ್ನು ಕಲಿತರು.

ರಮ್ಯಶ್ರೀ ಬಂದ ದಿನ, ಪುಟ್ಟಿಯ ಹಣೆಯ ಮೇಲಿನ್ನೂ ಕಲೆಗಳಿದ್ದವು. "ಅವತ್ತು ದೃಷ್ಟಿ ಅಲ್ಲಮ್ಮ, ಜ್ವರ. ನಾನು ಸುಳ್ಳು ಹೇಳ್ದೆ" ಎಂದಳು ಪಿಳ್ಳಮ್ಮ.

"ಜ್ವರ ಇದೆ ಅಂತ ನಂಗೂ ಡೌಟ್ ಇತ್ತು. ನೀವು ದೃಷ್ಟಿ ಅಂದ್ರಲ್ಲ, ಅದಕ್ಕೇ ಧೈರ್ಯ ಬಂದಿದ್ದು" ಎಂದಳು ರಮ್ಯಶ್ರೀ. ಉಮೈರನ ವಿಷಯ ಕೇಳಿದ ಮೇಲೆ ಆ ಕಲ್ಲುಬೆಂಚಿನ ಮೇಲೆ ಕುಸಿದು ಕೂತಳು. ಪುಟ್ಟಿ ಎಷ್ಟು ಎಳೆದರೂ ಏಳಲಿಲ್ಲ.

ಆಷಾಢದ ಗಾಳಿ ಬೀಸುತ್ತಿದ್ದ ಒಂದು ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಪಿಳ್ಳಮ್ಮ ಬೀಗ ಹಾಕಿದ ಪಾರ್ಕಿನೊಳಗೆ ಒಬ್ಬಳೇ ಉದುರಿದ ಎಲೆ ಒಟ್ಟುಮಾಡುತ್ತಿದ್ದಳು. ಗೇಟಿನ ಸಪ್ಪಳ ಕೇಳಿ ತಿರುಗಿದರೆ ಶರ್ಫುನ್ನೀಸಾ ನಿಂತಿದ್ದಳು. ಜೊತೆಗೆ ಸ್ವೆಟರು ತೊಟ್ಟ ಉಮೈರ್, ಮುಖ ಹೂರಣದ ಹೋಳಿಗೆಯ ಹಾಗೆ ದುಂಡಗೆ.

"ಮಕ್ಕಳಿಲ್ದೇ ಇರೋ ಹೊತ್ತು ಅಂತ ಬಂದೆ" ಎಂದಳು ಶರ್ಫುನ್ನೀಸಾ.

ಪಿಳ್ಳಮ್ಮ ಬೀಗ ತೆಗೆದಳು. ಸೊಂಟದಿಂದ ಬೀಗದ ಕೈ ಬಿಡಿಸಿಕೊಳ್ಳಲು ಅವಳಿಗೆ ಎಂದೂ ಅಷ್ಟು ಹೊತ್ತು ಹಿಡಿದಿರಲಿಲ್ಲ. ಹುಡುಗ ಸೀಸಾದ ಕಡೆ ನೋಡಿದ.

"ಆ ಅಕ್ಕ ಎಲ್ಲಿ?"

"ಇಲ್ಲಪ್ಪ. ನಾನೇ ಅದುಮ್ತೀನಿ, ಬಾ" ಎಂದು ಪಿಳ್ಳಮ್ಮ ಕೈ ಚಾಚಿದಳು.

ಶರ್ಫುನ್ನೀಸಾ ನಡುವೆ ಬಂದು ನಿಂತಳು. "ಒಂದು ನಿಮಿಷ. ನಿಮಗೆ ಕೆಮ್ಮು, ಜ್ವರ ಏನೂ ಇಲ್ವಲ್ಲ?"

"ಇಲ್ಲ ಕಣಮ್ಮ. ನೋಡ್ಕೊಳ್ಳಿ."

ಪಿಳ್ಳಮ್ಮ ಆ ಮಕ್ಕಳ ಹಾಗೆಯೇ ಮುಖ ಒಡ್ಡಿದಳು. ಶರ್ಫುನ್ನೀಸಾ ಎರಡೂ ಅಂಗೈಯಿಂದ ಅವಳ ಕೆನ್ನೆ ಮುಟ್ಟಿ ನೋಡಿದಳು, ಹಣೆಯನ್ನೂ ಮುಟ್ಟಿದಳು. ಕೈಗಳನ್ನು ಕೆಳಗಿಳಿಸಿಕೊಂಡು, ಬುರ್ಖಾದ ಅಂಚಿಗೆ ಒರೆಸಿಕೊಂಡು, ಮೊಮ್ಮಗನಿಗೆ ದಾರಿ ಬಿಟ್ಟಳು. ನೆಟಿಕೆ ಮುರಿಯಲಿಲ್ಲ.