ಬಿಳಿ ಹೂವಿನ ಕಾರ್ಡು

ಕೈಯಲ್ಲಿ ಕತ್ತರಿ ಇದ್ದಾಗ ಪೊನ್ಸಿಂಗ್‌ಳ ಹತ್ತಿರ ಯಾರೂ ಜಗಳಕ್ಕೆ ಹೋಗುತ್ತಿರಲಿಲ್ಲ. ಹೆದರಿಕೆಯಿಂದಲ್ಲ. ಆ ಹೊತ್ತಿನಲ್ಲಿ ಬೈಗುಳವೂ ಅವಳ ಕಿವಿಗೆ ಬೀಳುವುದಿಲ್ಲ, ಬೈದವರ ಬಾಯಿ ನೋಯುವುದೊಂದೇ ಲಾಭ. ಪನಾಯ್ ದ್ವೀಪದ ಕಡಲ ದಂಡೆಯ ಸಾನ್ ರೋಕೆ ಊರಿನಲ್ಲಿ, ಇಗರ್ಜಿಯ ಗೋಡೆಗೆ ಆತುಕೊಂಡಿರುವ ಸಂತೆ ಸಾಲಿನಲ್ಲಿ ಅವಳದೊಂದು ಮರದ ಮೇಜು. ಮೇಜಿನ ಮೇಲೆ ಬಣ್ಣದ ಕಾಗದದ ಕಟ್ಟುಗಳು, ಡಬ್ಬಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿದ ಮಾರ್ಕರುಗಳು, ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟ ಕಾರ್ಡುಗಳು. ಕ್ರಿಸ್‌ಮಸ್ಸಿಗೆ, ಟೀಚರ ದಿನಕ್ಕೆ, ಮುನಿಸಿಕೊಂಡ ಪ್ರೇಯಸಿಗೆ, ಊರು ಬಿಟ್ಟು ಹಡಗು ಹತ್ತಿದ ಗಂಡನಿಗೆ, ಎಲ್ಲಕ್ಕೂ ಅವಳ ಹತ್ತಿರ ಕಾರ್ಡುಂಟು.

ಅವಳು ಹೂವಿನ ಎಸಳನ್ನು ಕತ್ತರಿಸಿ, ಕತ್ತರಿಯ ಬೆನ್ನಿನ ಮೇಲೆ ಒಮ್ಮೆ ಎಳೆದು ಸುರುಳಿ ಬರಿಸಿ, ಬುಡಕ್ಕೆ ಮಾತ್ರ ಅಂಟು ಹಚ್ಚುತ್ತಿದ್ದಳು. ಕಾರ್ಡು ಬಿಚ್ಚಿದರೆ ಹೂವು ಎದ್ದು ಕೂರುತ್ತಿತ್ತು. ಒಣಗುತ್ತ ಬಂದ ಮಾರ್ಕರನ್ನು ಬೇರೆಯವರು ಎಸೆದರೆ ಇವಳು ಅದನ್ನೇ ಜೋಪಾನ ಮಾಡುವಳು, ನೆರಳು ಬಿಡಿಸುವುದಕ್ಕೆ ಹಾಗೆ ಸೊರಗಿದ ಬಣ್ಣವೇ ಬೇಕು. ಇಪ್ಪತ್ತನೆಯ ವಯಸ್ಸಿಗೇ ಗಂಡನನ್ನು ಕಡಲಿಗೆ ಕೊಟ್ಟು, ಮಗಳನ್ನು ಈ ಕತ್ತರಿಯಿಂದಲೇ ಸಾಕಿ ಮದುವೆ ಮಾಡಿ ಕಳಿಸಿದವಳು. ಅವಳಿಗೆ ಸ್ವಂತದ್ದು ಅಂತ ಇದ್ದದ್ದು ಆ ಕೈಕೆಲಸ ಒಂದೇ. ಅದರ ಜಂಬವೂ ಇತ್ತು, ಇರಬೇಕಾದ್ದೇ.

ಪಕ್ಕದ ಮೇಜು ಕ್ರಿಸ್ಪಿನಾಳದು. ಪ್ಲಾಸ್ಟಿಕ್ ಬಕೆಟ್ಟು, ಬೋಗುಣಿ, ಜರಡಿ ಮಾರುವವಳು. ಪೊನ್ಸಿಂಗ್‌ಳ ಮಗಳ ಜ್ಞಾನಸ್ನಾನದಲ್ಲಿ ಇವಳೇ ಎರಡನೆಯ ತಾಯಿಯಾಗಿ ನಿಂತಿದ್ದಳು. ಅಂದಿನಿಂದ ಒಬ್ಬರಿಗೊಬ್ಬರು ‘ಮಾರೆ’. ಆ ಸಂಬಂಧ ಅಲ್ಲಿ ರಕ್ತದ್ದಕ್ಕಿಂತ ಗಟ್ಟಿ ಎನ್ನುತ್ತಾರೆ. ಮಧ್ಯಾಹ್ನ ಇಬ್ಬರೂ ಒಂದೇ ಬಾಳೆಲೆಯಲ್ಲಿ ಅನ್ನ, ಒಣಮೀನು, ಹುಳಿಮಾವು ಉಂಡವರು.

ಒಂದು ವರ್ಷದ ಕ್ರಿಸ್‌ಮಸ್ಸಿನಲ್ಲಿ ಬಕೆಟ್ಟುಗಳ ಮುಂದೆ ಕಾರ್ಡುಗಳ ರಾಶಿ ಬಂತು. ನಗರದ ಪ್ರೆಸ್ಸಿನಲ್ಲಿ ಅಚ್ಚಾದ ಮಿರಿಮಿರಿ ಕಾರ್ಡು, ಪೊನ್ಸಿಂಗ್‌ಳ ಒಂದರ ಬೆಲೆಗೆ ಐದು. ಅವುಗಳ ಮೇಲಿದ್ದ ನಕ್ಷತ್ರದೀಪ ಪೊನ್ಸಿಂಗ್‌ಳದು. ದೀಪದ ಕೆಳಗೆ ನಿಂತ ನೀರೆಮ್ಮೆಯೂ ಅವಳದೇ. ಆ ದೀಪದ ಬಾಲ ಬಿಡಿಸುವಾಗ ಕೆಮ್ಮು ಬಂದು ಅವಳ ಮಾರ್ಕರು ಒಂದಿಷ್ಟು ಅಲುಗಿತ್ತು, ಅದೂ ಹಾಗೇ ಅಚ್ಚಾಗಿತ್ತು. ತನ್ನ ಕೆಮ್ಮನ್ನೂ ಬಿಡದೆ ಕದ್ದಿದ್ದಾಳಲ್ಲ ಎಂದು ಅವಳ ಮೈ ಉರಿಯಿತು.

“ಮಾರೆ, ಇದು ನನ್ನದು ಅಲ್ವಾ?”

“ನಿನ್ನದು ಹೇಗಾಗುತ್ತೆ? ಕ್ರಿಸ್‌ಮಸ್ ದೀಪ ಊರಲ್ಲಿ ಮನೆಮನೆಗೂ ಇರುತ್ತೆ. ಎಲ್ಲರ ಮನೇದೂ ನಿನ್ನದೇನಾ?”

“ಒಂದೇ ಒಂದು ಸಲ ಎಲ್ಲರ ಮುಂದೆ ಹೇಳು, ಪೊನ್ಸಿಂಗ್‌ದು ಅಂತ. ಆಮೇಲೆ ಎಷ್ಟು ಬೇಕಾದ್ರೂ ಮಾರಿಕೋ, ಬೇಡ ಅನ್ನಲ್ಲ.”

“ಹೇಳಲ್ಲ. ನಿನ್ನದಲ್ಲದ್ದನ್ನ ನಿನ್ನದು ಅಂತ ಯಾಕೆ ಹೇಳ್ಲಿ?”

ಪೊನ್ಸಿಂಗ್ ಸಂತೆಯ ಮುಖ್ಯಸ್ಥನ ಹತ್ತಿರ ಹೋದಳು. “ಸಹಿ ಗಿಹಿ ಹಾಕಿದ್ರಾ ಮನಾಂಗ್?” ಎಂದು ಅವನು ಹಲ್ಲು ಕಿರಿದ. ಅಕ್ಕ ಎಂದು ಕರೆದೇ ಅವಮಾನ ಮಾಡುವ ಗಂಡಸರ ಜಾತಿ. ಅದಕ್ಕೂ ಮೇಲಿನದು ಇನ್ನೊಂದು. ಗಿರಾಕಿಗಳು ಅವಳ ಮೇಜಿನ ಮುಂದೆ ನಿಂತು, “ಪರವಾಗಿಲ್ಲ, ಕ್ರಿಸ್ಪಿನಾ ಕಾರ್ಡಿನ ಥರಾನೇ ಮಾಡಿದೀರಿ” ಎನ್ನತೊಡಗಿದರು. ಕದ್ದವಳು ಒಡತಿ, ಬಿಡಿಸಿದವಳು ಕಳ್ಳಿ. ಪೊನ್ಸಿಂಗ್ ಊಟದ ಎಲೆ ಬೇರೆ ಮಾಡಿದಳು. ಇವಳ ಬಾಯಿಂದಲೇ, ಇದೇ ಸಂತೆಯಲ್ಲಿ, ನನ್ನದು ಅಂತ ಹೇಳಿಸದಿದ್ದರೆ ನಾನು ನಮ್ಮಮ್ಮನ ಮಗಳೇ ಅಲ್ಲ ಎಂದುಕೊಂಡಳು. ಆಮೇಲೆ ಅವಳು ಉಂಡದ್ದು, ಮಲಗಿದ್ದು, ಪ್ರಾರ್ಥನೆ ಮಾಡಿದ್ದು ಎಲ್ಲ ಆ ಒಂದು ಮಾತಿಗಾಗಿ. ಮೇರಿಯಮ್ಮನಿಗೂ ಅದನ್ನೇ ಕೇಳುತ್ತಿದ್ದಳು, ನಾಚಿಕೆಯಿಲ್ಲದೆ.

ಕ್ರಿಸ್ಪಿನಾಳ ವಿಧಾನ ಅವಳಿಗೆ ಬೇಗ ತಿಳಿಯಿತು. ಹೊಸ ಕಾರ್ಡು ತೂಗುಬಿಟ್ಟ ದಿನ ಕ್ರಿಸ್ಪಿನಾಳ ತಮ್ಮನ ಮಗಳು ಫೋನು ಕಿವಿಗೆ ಹಿಡಿದು ಯಾರ ಜೊತೆಗೋ ಮಾತಾಡುವವಳ ಹಾಗೆ ಆ ಕಡೆ ಈ ಕಡೆ ಓಡಾಡುವಳು. ಆ ನೆಪದಲ್ಲಿ ತೆಗೆದ ಫೋಟೊ ಸೀದಾ ಪ್ರೆಸ್ಸಿಗೆ. ಕ್ರಿಸ್ಪಿನಾ ಅದನ್ನು ತೆರೆದು ನೋಡುವ ಗೋಜಿಗೂ ಹೋಗುವುದಿಲ್ಲ, “ಇದೇ ಥರ ಸಾವಿರ” ಎಂದರೆ ಮುಗಿಯಿತು.

ಹೀಗೇ ಮೂರು ವರ್ಷ ನಡೆಯಿತು. ಮೇ ತಿಂಗಳ ಅಮ್ಮಂದಿರ ಭಾನುವಾರ ಬರುತ್ತಿತ್ತು. ಆ ದಿನ ತಾಯಿ ಇದ್ದವರು ಎದೆಗೆ ಗುಲಾಬಿ ಬಣ್ಣದ ಕದೇನಾ ಹೂವು ಚುಚ್ಚಿಕೊಂಡು ಪೂಜೆಗೆ ಬರುವುದು, ತಾಯಿ ಸತ್ತವರು ಬಿಳಿಯದು. ಬೇಲಿಬೇಲಿಗೂ ಹಬ್ಬುವ ಬಳ್ಳಿ ಅದು, ಎರಡೂ ಬಣ್ಣದಲ್ಲಿ ಬಿಡುತ್ತದೆ. ಎಳೆಯರು ಈಗ ಹೂವು ಚುಚ್ಚಿಕೊಳ್ಳುವುದು ಬಿಟ್ಟಿದ್ದಾರೆ, ಯಾವ ಬಣ್ಣ ಯಾರಿಗೆ ಎಂಬುದೂ ಅವರಿಗೆ ಮರೆತಿದೆ. ನಲವತ್ತು ದಾಟಿದ ಹೆಂಗಸರಿಗೆ ಮರೆತಿಲ್ಲ. ಬದುಕಿರುವ ತಾಯಿಯ ಕೈಗೆ ಆ ದಿನ ಬಿಳಿ ಕದೇನಾ ಕೊಡುವುದೆಂದರೆ ಅವಳ ಹೆಣಕ್ಕೆ ಹೂ ಹಾಕಿದ ಲೆಕ್ಕ.

ಪೊನ್ಸಿಂಗ್ ತನ್ನ ಜನ್ಮದಲ್ಲೇ ಅಷ್ಟು ಚೆಂದದ ಕಾರ್ಡು ಮಾಡಿರಲಿಲ್ಲ. ಗುಲಾಬಿ ಬಣ್ಣದ ಕಾಗದ, ಅದರ ಮೇಲೆ ಹಸಿರು ಮಾರ್ಕರಿನ ಬಳ್ಳಿ, ಬಳ್ಳಿಯ ತುಂಬ ಗೊಂಚಲು ಗೊಂಚಲು ಹೂವು. ದೂರದಿಂದ ಕಂಡರೆ ಕಣ್ಣಿಗೆ ಬೀಳುವುದು ಗುಲಾಬಿ ಬಣ್ಣವೇ. ಹೂವೊಂದೇ ಬಿಳಿ. ಮಾಡುವಾಗ ಒಮ್ಮೆ ಅವಳ ಕೈ ತಡೆಯಿತು, ನಿಜ. ಮಕ್ಕಳು ಕೊಳ್ಳುತ್ತಾರೆ, ತಾಯಂದಿರ ಕೈ ಸೇರುತ್ತದೆ ಎಂಬುದು ಗೊತ್ತಿತ್ತು. ಕೊಳ್ಳಲಿ ಎಂದುಕೊಂಡಳು. ಎಲ್ಲರೂ ಒಂದರ ಬೆಲೆಗೆ ಐದು ಅಂತ ಅತ್ತ ಓಡಿದವರೇ ತಾನೆ.

ಆ ಹುಡುಗಿ ಫೋನು ಹಿಡಿದು ಓಡಾಡಿ ಹೋಗುವಷ್ಟು ಹೊತ್ತು ಮಾತ್ರ ಕಾರ್ಡು ಹಗ್ಗದ ಮೇಲಿತ್ತು. ಸಂಜೆಗೆ ಅದು ಪೊನ್ಸಿಂಗ್‌ಳ ಒಲೆಯಲ್ಲಿ ಅನ್ನ ಬೇಯಿಸಿತು.

ಕ್ರಿಸ್ಪಿನಾಗೆ ಆ ವರ್ಷ ದಾನದ ಹುಚ್ಚೂ ಹತ್ತಿತು. ಮೇ ತಿಂಗಳಲ್ಲಿ ಇಗರ್ಜಿಗೆ ಹೂವು ತರುವ, ಧರ್ಮಪಾಠ ಕಲಿಯುವ ಮಕ್ಕಳಿಗೆಲ್ಲ ಒಂದೊಂದು ಕಾರ್ಡು ಪುಕ್ಕಟೆ ಎಂದು ಪ್ರೆಸ್ಸಿನಿಂದ ಬಂದ ಕಟ್ಟನ್ನು ಬಿಚ್ಚದೆಯೇ ಕೊಟ್ಟಳು. ಪಾಠ ಹೇಳುವ ಜೊವಿ ನಗರದಲ್ಲಿ ಬೆಳೆದ ಎಳೆ ಹುಡುಗಿ, ಸಂತೋಷದಿಂದ ಲಕೋಟೆಗೆ ಹಾಕಿ ಹಂಚಿದಳು. ಭಾನುವಾರ ಪೂಜೆ ಮುಗಿದ ಮೇಲೆ ಪಾದ್ರಿ, “ಈ ಕಾರ್ಡುಗಳು ನಮ್ಮ ಕ್ರಿಸ್ಪಿನಾ ಕೊಡುಗೆ” ಎಂದು ಮೈಕಿನಲ್ಲಿ ಹೇಳಿದರು. ಕ್ರಿಸ್ಪಿನಾ ಮುಂದಿನ ಬೆಂಚಿನಿಂದ ಎದ್ದು ಎಲ್ಲ ಕಡೆಗೂ ತಿರುಗಿ ತಲೆಬಾಗಿದಳು. ಮಕ್ಕಳು ಸಾಲಾಗಿ ಹೋಗಿ ತಾಯಂದಿರ ಕೈಗೆ ಲಕೋಟೆ ಕೊಟ್ಟವು.

ಹಿಂದಿನ ಕಂಬಕ್ಕೆ ಒರಗಿ ನಿಂತಿದ್ದ ಪೊನ್ಸಿಂಗ್‌ಗೆ ಮೊದಲು ಕೇಳಿದ್ದು ಕಾಗದದ ಸದ್ದು. ಆಮೇಲೆ ಯಾರೋ ಮುದುಕಿ “ಯೇಸುವೇ” ಎಂದಳು. ಪೊನ್ಸಿಂಗ್‌ಗೆ ಹೊಟ್ಟೆಯಲ್ಲಿ ಹಾಲು ಕುಡಿದಷ್ಟು ತಂಪಾಯಿತು, ಅದನ್ನು ಮುಚ್ಚಿಡಬೇಕಾದ್ದಿಲ್ಲ. ಎರಡನೆಯ ಬೆಂಚಿನಲ್ಲಿ ಲೂರ್ದೆಸ್ ಕೂತಿದ್ದಳು, ಮಾರನೆಯ ದಿನ ಹೊಟ್ಟೆಯ ಆಪರೇಷನ್ನಿಗೆ ನಗರಕ್ಕೆ ಹೋಗಬೇಕಿದ್ದವಳು. ಅವಳು ಕಾರ್ಡು ಬಿಚ್ಚಿ ನೋಡಿ, ಮತ್ತೆ ಮಡಿಸಿ, ಮಗಳ ತಲೆ ಸವರಿದಳು. ಆ ಮಗುವಿಗೆ ಏನೂ ತಿಳಿಯದೆ ಅಳು ಬಂತು. ಪೊನ್ಸಿಂಗ್ ಆ ಕಡೆ ನೋಡುವುದನ್ನು ಬಿಟ್ಟಳು.

ಲಕೋಟೆ ಹಂಚುವಾಗಲೇ ಕ್ರಿಸ್ಪಿನಾ ಅಂಗಡಿ ತೆರೆಯಲು ಹೋಗಿದ್ದಳು, ಪೊನ್ಸಿಂಗ್ ಕೂಡ ತನ್ನ ಮೇಜಿಗೆ ಬಂದಳು, ಹಿಂದೆಯೇ ಹೆಂಗಸರ ಗುಂಪು ಇಗರ್ಜಿಯಿಂದ ನೇರ ಸಂತೆಗೆ ನುಗ್ಗಿತು. ಮುಂದೆ ಮೀನು ಮಾರುವ ಬೆರ್ತಾ. ಅವಳ ಗಂಟಲಿಗೆ ಮೈಕು ಬೇಕಾಗಿಲ್ಲ.

“ಏನೇ ಕ್ರಿಸ್ಪಿನಾ, ನಾನು ಯಾವಾಗ ಸತ್ತೆ ಅಂತ ನನಗೂ ಸ್ವಲ್ಪ ಹೇಳಬಾರದಿತ್ತಾ? ಊಟ ಹಾಕಿಸ್ತಿದ್ದೆ.” ಕಾರ್ಡನ್ನು ಬೋಗುಣಿಗಳ ಮೇಲೆ ಬಡಿದಳು.

“ಏನಾಯ್ತು, ಬಣ್ಣ ಚೆನ್ನಾಗಿದೆಯಲ್ಲ…” ಎಂದು ಕ್ರಿಸ್ಪಿನಾ ಕಾರ್ಡು ಎತ್ತಿಕೊಂಡಳು. ಆಗಲೇ ಅವಳು ಅದನ್ನು ಮೊದಲ ಸಲ ಸರಿಯಾಗಿ ನೋಡಿದ್ದು. ಮುಖದಲ್ಲಿದ್ದ ರಕ್ತವೆಲ್ಲ ಇಳಿಯಿತು.

“ಬಿಳಿ ಕದೇನಾ. ಊರಿನ ತಾಯಂದಿರಿಗೆಲ್ಲ ಒಟ್ಟಿಗೆ ತಿಥಿ ಮಾಡಿಬಿಟ್ಟೆ.”

“ಇಗರ್ಜಿಯೊಳಗೆ, ಮಕ್ಕಳ ಕೈಯಲ್ಲಿ,” ಎಂದು ಇನ್ನೊಬ್ಬಳು. “ಲೂರ್ದೆಸ್ ನಾಳೆ ಆಪರೇಷನ್ನಿಗೆ ಹೋಗೋಳು, ಗೊತ್ತಾ ನಿನಗೆ?”

ಕ್ರಿಸ್ಪಿನಾ ಮೇಜಿಗೆ ಬೆನ್ನು ಕೊಟ್ಟು ನಿಂತಳು. ಒಂದು ಬಕೆಟ್ಟು ಉರುಳಿತು. ಆಮೇಲೆ ಅವಳು ಪೊನ್ಸಿಂಗ್‌ಳ ಕಡೆ ಬೆರಳು ತೋರಿಸಿ ಕೂಗಿದಳು:

“ನನ್ನದಲ್ಲ. ನನಗೆ ಗೆರೆ ಎಳೆಯೋಕೂ ಬರಲ್ಲ, ನಿಮಗೆಲ್ಲ ಗೊತ್ತು. ಇದು ಪೊನ್ಸಿಂಗ್‌ದು. ದೀಪಾನೂ ಅವಳದೇ, ಎಮ್ಮೆನೂ ಅವಳದೇ, ಎಲ್ಲಾ ಅವಳದೇ. ಮೂರು ವರ್ಷದಿಂದ ನಾನು ಅವಳದನ್ನ ಕದ್ದು ಅಚ್ಚು ಹಾಕಿಸ್ತಾ ಇದೀನಿ.”

ಬಂತು ಆ ಮಾತು. ಮೇರಿಯಮ್ಮ ಅಕ್ಷರ ಬಿಡದೆ ಕೊಟ್ಟಿದ್ದಳು. ಸಂತೆಗೆ ಸಂತೆಯೇ ಕೇಳಿಸಿಕೊಂಡಿತು, ಸಂತೆಯ ಮುಖ್ಯಸ್ಥನೂ ಕೇಳಿಸಿಕೊಂಡ. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ.

“ಅದೇನು ಹೊಸದಾ?” ಎಂದಳು ಬೆರ್ತಾ. “ನಿನ್ನ ಕೈಯಲ್ಲಿ ಅಂಥದ್ದು ಎಲ್ಲಿಂದ ಬರಬೇಕು. ನಮಗೆ ಮೊದಲಿಂದಲೂ ಗೊತ್ತು.”

ಗೊತ್ತಿತ್ತಂತೆ. ಮೂರು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಅಗ್ಗದ ಕಾರ್ಡು ಕೊಂಡರಂತೆ. ಪೊನ್ಸಿಂಗ್‌ಳ ಮೈಯೊಳಗಿನ ತಂಪು ಇಂಗಿಹೋಯಿತು. ಅಷ್ಟರಲ್ಲಿ ಬೆರ್ತಾ ಅವಳ ಕಡೆ ತಿರುಗಿದ್ದಳು, ಗುಂಪೂ ತಿರುಗಿತು.

“ಹೇಳು ಪೊನ್ಸಿಂಗ್. ಬಿಳಿ ಹೂವು ನೀನು ಬಿಡಿಸಿದ್ದಾ? ನಿನಗೆ ಬಣ್ಣ ಗೊತ್ತಿಲ್ಲ ಅಂದರೆ ನಾನು ನಂಬಲ್ಲ.”

ಲೂರ್ದೆಸ್ ಬಂದಿರಲಿಲ್ಲ. ಅವಳ ಮಗಳು ಮಾತ್ರ ಅಜ್ಜಿಯ ಕೈ ಹಿಡಿದು ಗುಂಪಿನ ಅಂಚಿನಲ್ಲಿ ನಿಂತು, ಇನ್ನೂ ಬಿಕ್ಕುತ್ತ, ಪೊನ್ಸಿಂಗ್‌ಳನ್ನೇ ನೋಡುತ್ತಿದ್ದಳು. ಹೌದು ಎಂದರೆ ದೀಪ, ಎಮ್ಮೆ, ಬಳ್ಳಿ ಎಲ್ಲ ಅವಳದು, ಈ ಅಳುವೂ ಅವಳದು.

“ಅಲ್ಲ,” ಎಂದಳು ಪೊನ್ಸಿಂಗ್.

“ಹೂವು ನಿನ್ನದಲ್ಲ, ಸರಿ. ಉಳಿದದ್ದು?”

ಒಂದನ್ನು ಬಿಟ್ಟು ಉಳಿದದ್ದನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. ಒಂದೇ ಕೈಯ ಗೆರೆ ಎಂದು ಕುರುಡರಿಗೂ ಕಾಣುತ್ತಿತ್ತು.

“ಯಾವುದೂ ನನ್ನದಲ್ಲ. ಅವಳ ಮೇಜಿನ ಮೇಲಿರೋದು ಒಂದೂ ನನ್ನದಲ್ಲ. ಸಿಕ್ಕಿಬಿದ್ದ ಮೇಲೆ ನನ್ನ ತಲೆಗೆ ಕಟ್ಟುತ್ತಿದ್ದಾಳೆ.”

ಹೆಂಗಸರು ಕ್ರಿಸ್ಪಿನಾಳ ಕಾರ್ಡುಗಳನ್ನು ಬೋಗುಣಿಗೆ ತುಂಬಿ, ಮೀನು ತೊಳೆದ ನೀರು ಹುಯ್ದರು. ಎಲ್ಲರೂ ಹೋದ ಮೇಲೆ ಅವಳು ಒದ್ದೆ ಕಾಗದ ಎತ್ತುತ್ತ, ತಲೆ ಎತ್ತದೆ ಹೇಳಿದಳು: “ಬಣ್ಣ ನೋಡಲೇ ಇಲ್ಲ ಮಾರೆ. ನೀನು ಬಿಡಿಸಿದ್ದು ಅಂದ ಮೇಲೆ ಅದರಲ್ಲಿ ತಪ್ಪು ಹುಡುಕೋದು ಏನಿರುತ್ತೆ ಅಂತ.”

ಪೊನ್ಸಿಂಗ್ ಕತ್ತರಿ ಕೈಗೆ ತೆಗೆದುಕೊಂಡಳು, ಕೇಳದವಳ ಹಾಗೆ.

ಕ್ರಿಸ್ಪಿನಾ ಆಮೇಲೆ ಕಾರ್ಡು ಮಾರಲಿಲ್ಲ. ಲೂರ್ದೆಸ್ ಆಪರೇಷನ್ ಮುಗಿಸಿಕೊಂಡು ಬಂದು ಈಗ ಮೊದಲಿಗಿಂತ ದಪ್ಪಗಿದ್ದಾಳೆ. ಆದರೆ ನಗರದ ಪ್ರೆಸ್ಸಿನವನ ಹತ್ತಿರ ದೀಪ, ಎಮ್ಮೆ ಎಲ್ಲ ಉಳಿದಿದ್ದವು. ಆ ಕ್ರಿಸ್‌ಮಸ್ಸಿಗೆ ಸಂತೆಯ ಇಡೀ ಸಾಲಿನಲ್ಲಿ, ಸಾಬೂನಿನ ಅಂಗಡಿಯಲ್ಲಿ, ಚಪ್ಪಲಿ ಅಂಗಡಿಯಲ್ಲಿ, ಬೆರ್ತಾಳ ಸೊಸೆ ಹಾಕಿದ ಹೊಸ ಅಂಗಡಿಯಲ್ಲಿ, ಎಲ್ಲೆಲ್ಲೂ ಅವೇ ತೂಗಾಡಿದವು. ಪೊನ್ಸಿಂಗ್ ಮುಖ್ಯಸ್ಥನ ಬಾಗಿಲಿಗೆ ಹೋಗಿ, ಸಂತೆಯ ಮುಂದೆ ನನ್ನದಲ್ಲ ಎಂದದ್ದು ನೆನಪಾಗಿ, ಹಾಗೇ ವಾಪಸು ಬಂದಳು.

ಸೇಡು ತೀರಿಸಿಕೊಂಡದ್ದಕ್ಕೆ ಅವಳಿಗೆ ಪಶ್ಚಾತ್ತಾಪವಿಲ್ಲ. ಕ್ರಿಸ್ಪಿನಾಳ ಮುಖದಿಂದ ರಕ್ತ ಇಳಿದದ್ದನ್ನು ನೆನೆದರೆ ಇವತ್ತಿಗೂ ಅನ್ನ ರುಚಿ ಹತ್ತುತ್ತದೆ. ಒಂದೇ ಒಂದು ಉಪದ್ರವ ಉಳಿದಿದೆ. ಬಕೆಟ್ಟು ಕೊಳ್ಳಲು ಬಂದ ಪ್ರತಿಯೊಬ್ಬ ಗಿರಾಕಿಗೂ ಕ್ರಿಸ್ಪಿನಾ ಎದುರು ಸಾಲಿನ ಕಾರ್ಡುಗಳನ್ನು ತೋರಿಸಿ, ಕೇಳಿಸುವ ಹಾಗೆ ಹೇಳುತ್ತಾಳೆ: “ಅವೆಲ್ಲ ನಮ್ಮ ಪೊನ್ಸಿಂಗ್ ಬಿಡಿಸಿದ್ದು. ಇಂಥ ಕೈ ಈ ದ್ವೀಪದಲ್ಲೇ ಇಲ್ಲ.” ಅವಳು ಮಾಡುತ್ತಿರುವುದು ಪ್ರಾಯಶ್ಚಿತ್ತವೋ ಸೇಡೋ ಪೊನ್ಸಿಂಗ್‌ಗೆ ಈವರೆಗೂ ಗೊತ್ತಾಗಿಲ್ಲ. ಗಿರಾಕಿ ಇವಳ ಕಡೆ ತಿರುಗಿ, “ಹೌದಾ ಮನಾಂಗ್?” ಎನ್ನುತ್ತಾನೆ.

“ಇಲ್ಲಪ್ಪ, ನನ್ನದಲ್ಲ,” ಎಂದು ಪೊನ್ಸಿಂಗ್ ಎಸಳು ಕತ್ತರಿಸುತ್ತಾಳೆ.