ಅಕ್ಕನಿಗೆಂದು ತಾರಸಿಯಲ್ಲಿ ಬೇಯಿಸಿದ ಪಕ್ಕೆಲುಬು

ಅಕ್ಕ ನನ್ನೊಡನೆ ಮಾತು ಬಿಟ್ಟು ಒಂದು ವರ್ಷವಾಗಿತ್ತು. ಹರಿಹರದಲ್ಲಿ ಅವಳ ಮಗಳ ಮದುವೆಗೆ ಹೋಗಿ, ಅಕ್ಷತೆ ಹಾಕಿ, ಊಟ ಮಾಡದೆ ಎದ್ದು ಬಂದಿದ್ದೆ. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಮೊಟ್ಟೆಯೂ ಒಳಗೆ ಬಂದದ್ದಿಲ್ಲ. ಅಕ್ಕ ಗುತ್ತೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಮಾಂಸ ತಿನ್ನುವ ಮನೆತನದ ಭಾವನನ್ನು ಮದುವೆಯಾದವಳು. ನನಗಾಗಿಯೇ ಅಂದು ಸಸ್ಯಾಹಾರದ ಪಂಕ್ತಿ ಬೇರೆ ಮಾಡಿಸಿದ್ದಳಂತೆ. ಅದೇ ಸೌಟು ಮಾಂಸದ ಪಂಕ್ತಿಗೂ ಇಲ್ಲಿಗೂ ಓಡಾಡಿದ್ದರೆ ಎಂಬ ಚಿಂತೆ ನನಗೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸಾಗುವ ಮನುಷ್ಯ ನಾನು, ಸೌಟನ್ನು ಬಿಡುತ್ತೇನೆಯೇ?

ಐವತ್ತು ದಾಟಿದ ಮೇಲೆ ಬುದ್ಧಿ ಬಂತೆಂದುಕೊಂಡೆ. ಅವಳಿಗೆ ಇಷ್ಟವಾದದ್ದನ್ನು ನಾನೇ ಮಾಡಿ ಬಡಿಸಿದರೆ ಸಿಟ್ಟು ಇಳಿದೀತು. ಕುರಿಯ ಪಕ್ಕೆಲುಬು ಅಂದರೆ ಅವಳಿಗೆ ಪ್ರಾಣ ಎಂದು ಭಾವ ಹೇಳಿದರು. ಫೋನಿನ ವಿಡಿಯೋದಲ್ಲಿ ಒಬ್ಬ ಅದನ್ನು ಬೆಂಕಿಗೆ ತೋರಿಸದೆ, ಬರೀ ಹೊಗೆಯಲ್ಲಿ ನಾಲ್ಕೈದು ತಾಸು ಬೇಯಿಸುತ್ತಿದ್ದ. ಬೆಂಕಿಯಿಂದ ದೂರ, ಅಂಜುಬುರುಕನಿಗೆ ಹೇಳಿ ಮಾಡಿಸಿದ ಅಡುಗೆ.

ವಿನೋಬನಗರದ ನಮ್ಮ ಮನೆಯ ತಾರಸಿಗೆ ಹಳೆಯ ಕಬ್ಬಿಣದ ಡ್ರಮ್ ಒಂದನ್ನು ಹತ್ತಿಸಿದೆ. ಒಳಗೆ ಒಂದು ಮಗ್ಗುಲಿಗೆ ಕೆಂಡ, ಇನ್ನೊಂದು ಮಗ್ಗುಲಿಗೆ ಜಾಲರಿ. ರಬ್ಬರ್ ಗವಸು ತೊಟ್ಟು, ಮುಖ ಆಚೆ ತಿರುಗಿಸಿಕೊಂಡು ಮಾಂಸ ಇಟ್ಟು, ಕೆಂಡದ ಮೇಲೆ ಕೈಗೆ ಸಿಕ್ಕ ಹಸಿ ಬೇವಿನ ಕೊಂಬೆ ಹಾಕಿ ಮುಚ್ಚಿದೆ. ದಟ್ಟ ಹೊಗೆ ಕಂಡು ಎದುರುಮನೆಯವರು, "ಏನ್ರೀ, ಗೀಜರ್ ಸುಟ್ಟೈತೇನು?" ಎಂದು ಕೂಗಿದರು. ನಾನು ಬಾಯಿಗೆ ಹಾಕುವ ಮಾತೇ ಇಲ್ಲ. ರುಚಿ ನೋಡಲು ನಮ್ಮ ಬೀದಿಯ ಆಟೋದವನನ್ನು ಕರೆದೆ. ಅವನು ನಿಧಾನಕ್ಕೆ ಅಗಿದು, "ಸಾರ್, ಜ್ವರಕ್ಕೆ ಚಲೋ ಐತ್ರಿ," ಎಂದ.

ಬೇವಿನ ಕಹಿ ತಪ್ಪಿಸಲು ಲೋಕಿಕೆರೆಯ ಪರಿಚಿತರೊಬ್ಬರ ತೋಟದಿಂದ ಒಣಗಿದ ಪೇರಲ ಕಟ್ಟಿಗೆ ತಂದೆ. ಭಾನುವಾರಕ್ಕೊಮ್ಮೆ ಮಾಡಿ ನೋಡುತ್ತ, ನಾಲ್ಕನೆಯ ಭಾನುವಾರಕ್ಕೆ ಹೊಗೆ ತೆಳ್ಳಗಾಯಿತು, ಮಾಂಸ ಎಲುಬು ಬಿಡತೊಡಗಿತು. "ಇನ್ ಕರೀರಿ ಅಕ್ಕಾರ್ನ," ಎಂದ ಆಟೋದವನು.

ಭಾವನ ಕೈಲಿ ಹೇಳಿಸಿದ್ದಕ್ಕೆ ಅಕ್ಕ ಬಂದಳು. ಅಂದು ಆಟೋದವನು ಬಾಡಿಗೆಗೆ ಹೋಗಿದ್ದ. ಉಪ್ಪು ಅಂದಾಜಿನಲ್ಲಿ ಹಾಕಿದ್ದೆ. ಅಡುಗೆಮನೆ ದಾಟಿಸಿ ಅವಳನ್ನು ನೇರ ತಾರಸಿಗೆ ಕರೆದೊಯ್ದೆ.

ಒಂದು ತುಂಡು ತಿಂದಳು. "ಹದ ಬಂದೈತೆ. ಉಪ್ಪೇ ಇಲ್ಲ. ರುಚಿ ನೋಡ್ಲಿಲ್ಲೇನೋ?"

ನೀರಿನ ಲೋಟ ಅವಳ ಕಡೆ ಸರಿಸಿದೆ. ಅವಳು ತಟ್ಟೆ ಎತ್ತಿ ನೋಡಿದಳು. ತಳದಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

"ನಂಗಂತ ತಂದಿದ್ದಾ?"

"ಹೂಂ ಅಕ್ಕಾ. ತಟ್ಟೆ, ಲೋಟ, ಚಾಪೆ, ಎಲ್ಲಾ ಹೊಸಾವು," ಎಂದೆ, ಹೆಮ್ಮೆಯಿಂದಲೇ.

"ನಾ ಹೋದ್ಮ್ಯಾಲೆ ಕೆಳಗ ಒಯ್ತೀಯೋ, ಇಲ್ಲೇ ಇಡ್ತೀಯೋ?"

ನೀರಿನ ಟ್ಯಾಂಕಿನ ಕೆಳಗೆ ಅವಕ್ಕೆ ಜಾಗ ಮಾಡಿಟ್ಟಿದ್ದೆ. ನನ್ನ ಕಣ್ಣು ಆ ಕಡೆ ಹೋದದ್ದನ್ನು ಅವಳು ನೋಡಿದಳು.

"ತಮ್ಮಾ, ನಾ ಮಾಂಸ ಮಾಡಂತ ಕೇಳಿದ್ನೇನು? ಕೆಳಗ ಕುಂದ್ರಿಸಿ ಅನ್ನ ಸಾರು ಹಾಕಿದ್ರ ಸಾಕಾಗಿತ್ತು."

"ಈಗ ಬಾ ಅಕ್ಕಾ, ಕೆಳಗ ಹೋಗಣ."

"ಈಗ ಬ್ಯಾಡ. ಕೇಳಿ ಹಾಕಿಸ್ಕಂಡಂಗ ಆಗ್ತೈತೆ."

ತಾರಸಿಯ ನಲ್ಲಿಯಲ್ಲೇ ಕೈ ತೊಳೆದು ನಾಲ್ಕು ಗಂಟೆಯ ಬಸ್ಸಿಗೆ ಹೊರಟಳು.

ಈಗ ಫೋನ್ ಮಾಡಿದರೆ ಭಾವ ಎತ್ತುತ್ತಾರೆ. ಅವಳು ಸ್ನಾನಕ್ಕೆ ಹೋಗಿದ್ದಾಳೆ ಅನ್ನುತ್ತಾರೆ. ಎಷ್ಟು ಹೊತ್ತಿಗೆ ಮಾಡಿದರೂ ಸ್ನಾನವೇ.