ಹಾಲಿನ ಡೇರಿಯ ಪರದೆ
ಬಿಕ್ಕೋಡಿನ ಕಡೆ ಯಾರ ಕಂಪ್ಯೂಟರ್ ಕೆಟ್ಟರೂ ಬೀರೇಶನನ್ನು ಕರೆಯುತ್ತಿದ್ದರು; ಕೆಡದಿದ್ದರೆ ಅವನೇ ಹೋಗಿ ನೋಡುತ್ತಿದ್ದ. ಹಾಲಿನ ಡೇರಿಯ ಕಂಪ್ಯೂಟರ್ ಪರದೆ ಇನ್ನಷ್ಟು ಚೆನ್ನಾಗಿ ಕಾಣಲೆಂದು ಅವನು ಸೆಟಿಂಗ್ ಬದಲಿಸಿ, ಮತ್ತೆ ಆನ್ ಮಾಡಿ ನೋಡದೆ ಬಂದ ಮಾರನೇ ದಿನ, ಕಂಪ್ಯೂಟರ್ ಆನ್ ಮಾಡಿದರೆ ಕಂಪನಿಯ ಹೆಸರು ಮೂಡಿ, ಆಮೇಲೆ ‘ನೋ ಸಿಗ್ನಲ್’ ಎಂದು ಕತ್ತಲಾಯಿತು.

“ಏನಾಗೈತಪ್ಪಾ?” ಎಂದರು ಡೇರಿಯ ಅಧ್ಯಕ್ಷೆ ಮುದ್ದಮ್ಮ.

“ಮದರ್‌ಬೋರ್ಡ್ ಹೋಗೈತೆ ಕಣಕ್ಕಾ.”

ಅವನು ಕೇಬಲ್ ಕಿತ್ತು ಹಾಕಿದ, ರ್‍ಯಾಮ್ ಉಜ್ಜಿದ. ಕೊನೆಗೆ ಮನೆಯ ಟಿವಿ ತಂದು ಸಿಕ್ಕಿಸಿದಾಗ ಎಲ್ಲವೂ ಕಾಣಿಸಿತು. ಆ ಸೆಟಿಂಗ್‌ನಲ್ಲಿ ಚಿತ್ರದ ರೆಸಲ್ಯೂಷನ್ನನ್ನು ಹಳೇ ಪರದೆ ತಾಳದಷ್ಟು ಏರಿಸಿದ್ದು ತಾನೇ ಎಂದು ಅವನಿಗೆ ಹೊಳೆಯಿತು. ಸದ್ದಿಲ್ಲದೆ ಅದನ್ನು ಇಳಿಸಿ, ಹಳೇ ಪರದೆಯನ್ನೇ ಜೋಡಿಸಿದ.

“ಮದರ್‌ಬೋರ್ಡನ್ನೇ ರಿಪೇರಿ ಮಾಡ್ಬುಟ್ಟ,” ಎಂದು ಮುದ್ದಮ್ಮ ಎಲ್ಲರಿಗೂ ಹೇಳಿದರು. ಅವರು ಕೊಟ್ಟ ಕಾಫಿಯನ್ನು ಬೀರೇಶ ಕುಡಿದು, “ಇನ್ಮೇಲೆ ಗೊತ್ತಿಲ್ದೋರ್ಗೆ ಮುಟ್ಟಾಕೆ ಬಿಡ್ಬ್ಯಾಡಿ,” ಎಂದು ಬುದ್ಧಿ ಹೇಳಿ ಹೊರಟ.